ಹದಿನೆಂಟನೆಯ ಪೊಟ್ಟಣ

ನವೆಂಬರ್ 18, ಸೋಮವಾರ

ಈ ನೋಟ್‌ಬುಕ್ ತಂದದ್ದು ಹೆಸರು ಬರೆಯಲಿಕ್ಕೆ. ದಿನಚರಿ ಬರೆಯುವ ಗೀಳು ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಮೊದಲ ಪುಟ ತೆರೆದು ಅರ್ಧ ತಾಸಾದರೂ ನಾಲ್ಕು ಹೆಸರು ನೆನಪಾಗಲಿಲ್ಲ. ಅದಕ್ಕೇ, ನಡೆದದ್ದನ್ನಾದರೂ ಬರೆಯೋಣ, ಹೆಸರುಗಳು ಹಿಂದೆಯೇ ಬಂದಾವು ಎಂದು ಕೂತಿದ್ದೇನೆ.

ಇವತ್ತು ಹನ್ನೊಂದರ ಹೊತ್ತಿಗೆ ಅಂಗಡಿಗೆ ಆಹಾರ ಸುರಕ್ಷತಾ ಅಧಿಕಾರಿ ಬಂದರು. ಅಂಬಿಕಾ ಮೇಡಂ. ಕಚೇರಿ ಲಿಂಗಸುಗೂರಿನಲ್ಲಿ, ಸಿಂಧನೂರನ್ನೂ ಅವರೇ ನೋಡುತ್ತಾರೆ. ಆಗ ನಾನು ಗಲ್ಲಾದ ಹಿಂದೆ ಕೂತು ಕಿಟಕಿಯ ಬಿಸಿಲಿನಲ್ಲಿ ಪುಡಿಯ ಕಣಗಳು ತೇಲುವುದನ್ನು ನೋಡುತ್ತಿದ್ದೆ. ಪ್ರೋಟೀನ್ ಪುಡಿಯ ಅಂಗಡಿಯಲ್ಲಿ ಇದೊಂದು ಸುಖ. ಡಬ್ಬಿ ತೆರೆದಾಗಲೆಲ್ಲ ವೆನಿಲಾ ವಾಸನೆಯ ಒಂದು ಸಣ್ಣ ಮೋಡ ಏಳುತ್ತದೆ, ಬೀದಿಯ ಸದ್ದು ದೂರ ಸರಿಯುತ್ತದೆ, ನಾನು ಎಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ. ನನ್ನ ಹೆಂಡತಿ ರಾಜಶ್ರೀ ಇದಕ್ಕೆ ಕಣ್ಣು ತೆರೆದು ಮಲಗುವುದು ಎನ್ನುತ್ತಾಳೆ. ಮೇಡಂ ಎರಡು ಸಲ ಕೂಗಿದ ಮೇಲೆ ಎದ್ದು ನಿಂತೆ.

ಅವರ ಕೈಯಲ್ಲಿದ್ದ ಕಾಗದ ಮುಂಬೈಯ ಆಮದುದಾರರದು. ಹೊರದೇಶದಿಂದ ಬಂದ ವೆನಿಲಾ ಪುಡಿಯ ಒಂದು ಬ್ಯಾಚಿನಲ್ಲಿ, ಡಬ್ಬಿಯ ಮೇಲೆ ಎಲ್ಲಿಯೂ ಬರೆಯದ ಒಂದು ಔಷಧಿ ಸಿಕ್ಕಿದೆಯಂತೆ. ಅದು ಎದೆಬಡಿತ ಹೆಚ್ಚಿಸುತ್ತದೆ, ನಿದ್ದೆ ಕೆಡಿಸುತ್ತದೆ. ಗಟ್ಟಿ ಆಳುಗಳು ತಡೆದುಕೊಂಡಾರು, ಹೃದಯದ ಕಾಯಿಲೆಯವರಿಗೆ ಮತ್ತು ಬಸುರಿಯರಿಗೆ ಮಾತ್ರ ಆಗಲೇಬಾರದು. ಮಾರಿದ್ದನ್ನೆಲ್ಲ ವಾಪಸು ಪಡೆಯಬೇಕು. ಆ ಬ್ಯಾಚಿನ ಆರು ಡಬ್ಬಿ ನನಗೆ ಬಂದಿದ್ದವು. ನಾಲ್ಕು ಹಾಗೇ ಇದ್ದವು, ಮೇಡಂ ಅವಕ್ಕೆ ಅರಗಿನ ಮುದ್ರೆ ಹಾಕಿದರು.

"ಉಳಿದೆರಡು ಯಾರಿಗೆ ಕೊಟ್ಟೀರಿ?"

"ಅವು ಬಿಡಿ ಮಾರೀನ್ರೀ ಮೇಡಂ. ಪಾವ್ ಕೆಜಿ ಪೊಟ್ಟಣ. ಹದಿನೆಂಟು ಆಗಿದ್ವು."

ಅವರು ಪೆನ್ನು ಕೆಳಗಿಟ್ಟರು. "ಡಬ್ಬಿ ಮ್ಯಾಲೆ ಇಷ್ಟೆಲ್ಲ ಅಕ್ಷರ ಯಾಕ ಬರದಿರತಾರ ಗೊತ್ತೈತೇನ್ರೀ? ಯಾರು ತರಿಸಿದ್ದು, ಯಾವ ಬ್ಯಾಚು, ಯಾರು ತಿನ್ನಬಾರದು. ನೀವು ಪೊಟ್ಟಣ ಕಟ್ಟಿದ ಕೂಡ್ಲೇ ಅದೆಲ್ಲ ಇಲ್ಲೇ ಉಳೀತು. ಜನರ ಕೈಯಾಗ ಹೋಗಿದ್ದು ಬರೇ ಬಿಳೀ ಪುಡಿ."

ನನಗೆ ಅದು ತಪ್ಪೆಂದು ಯಾವತ್ತೂ ಅನ್ನಿಸಿರಲಿಲ್ಲ. ಮಸ್ಕಿಯಲ್ಲಿ ನಮ್ಮಪ್ಪ ಹಂಪಣ್ಣ ಮೂವತ್ತು ವರ್ಷ ಹಿಂಡಿ ಅಂಗಡಿ ನಡೆಸಿದ. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಹೊಟ್ಟು, ನುಚ್ಚು. ಚೀಲದ ಬಾಯಿ ಬಿಚ್ಚಿಟ್ಟಿರುತ್ತಿದ್ದ. ಒಂದೇ ಎಮ್ಮೆ ಇದ್ದವಳು ಬಂದರೂ ಅವಳಿಗೆ ಬೇಕಾದಷ್ಟೇ ತೂಗಿ ಕೊಡುತ್ತಿದ್ದ. ಇಡೀ ಚೀಲ ಒಯ್ಯುವವನಿಗಿಂತ ಅವಳಿಗೇ ಮರ್ಯಾದೆ ಹೆಚ್ಚು. ನಾನು ಅದೇ ಕೈಯಿಂದ ಬಂದವನು. ಇಡೀ ಡಬ್ಬಿ ಒಯ್ಯಲಾಗದ ಹುಡುಗರು ಗಾಜಿನಾಚೆ ನಿಂತು ನೋಡುತ್ತಿದ್ದರೆ ನನಗೆ ತಡೆಯುವುದಿಲ್ಲ. ಡಬ್ಬಿ ಬಿಚ್ಚುತ್ತೇನೆ. ರಾಜಶ್ರೀ ದಾರ ಸುತ್ತಿ ಬಾಯಿ ಕಟ್ಟಿಕೊಡುತ್ತಾಳೆ.

ಹದಿನೈದು ದಿನದೊಳಗೆ ಹದಿನೆಂಟು ಪೊಟ್ಟಣವನ್ನೂ ಹೆಸರು, ಊರಿನ ಸಮೇತ ಒಪ್ಪಿಸಬೇಕೆಂದರು ಮೇಡಂ. ನೆನಪಾದ ಹಾಗೆ ಬರೆದಿಡಿ ಎಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದರು.

"ಬಸುರಿ ಹೆಣ್ಮಕ್ಕಳಿಗೆ ಯಾರಿಗಾದ್ರೂ ಕೊಟ್ಟೀರೇನು?"

"ಇಲ್ರೀ" ಎಂದೆ.

ಯಾಕೆ ಹಾಗೆಂದೆನೋ. ಬಾಯಿ ತಾನಾಗಿಯೇ ಅಂದುಬಿಟ್ಟಿತು. ಪರವಾನಗಿಯ ಕಾಗದ ಅವರ ತಲೆಯ ಹಿಂದೆ, ಗೋಡೆಯ ಮೇಲೆ ತೂಗುತ್ತಿತ್ತು.

ನವೆಂಬರ್ 19, ಮಂಗಳವಾರ

ನನಗೆ ಗಿರಾಕಿಗಳ ಮುಖ ನೆನಪಿರುವುದಿಲ್ಲ. ತೂಗುವಾಗ ಕಣ್ಣು ತಕ್ಕಡಿಯ ಮೇಲಿರುತ್ತದೆ, ಆಮೇಲೆ ಪೊಟ್ಟಣ ತೆಗೆದುಕೊಳ್ಳುವ ಕೈಯ ಮೇಲೆ. ಹಾಗಾಗಿ ನೆನಪಿರುವುದು ಕೈಗಳು ಮಾತ್ರ. ಇವತ್ತು ಕಣ್ಣು ಮುಚ್ಚಿ ಕೂತರೆ ಒಂದೊಂದಾಗಿ ಬಂದವು. ಸಿಮೆಂಟಿನಿಂದ ಬಿರಿದ ಕೈ. ಬೆಳ್ಳಿ ಕಡಗದ ಕೈ. ಎಣ್ಣೆಗಪ್ಪು ಹತ್ತಿದ ಮೆಕ್ಯಾನಿಕ್‌ನ ಕೈ. ಆಮೇಲೆ ಅದು.

ಮೊಣಕೈಯಿಂದ ಬೆರಳಿನವರೆಗೆ ಹಸಿರು ಹಚ್ಚೆ, ಹೆಬ್ಬೆರಳಿನ ಉಗುರು ಉದ್ದಕ್ಕೂ ಸೀಳಿದ್ದು. ಮುದುಕಿಯೊಬ್ಬಳ ಕೈ. ದಸರೆ ಮುಗಿದ ವಾರ ಬಂದಿದ್ದಳು. "ಸೊಸೀಗೆ ಏಳು ತಿಂಗಳ್ರೀ, ಮೈಯಾಗ ರಕ್ತಿಲ್ಲ ಅಂತಾರ. ಶಕ್ತಿ ಬರೋದು ಏನರ ಕೊಡ್ರಿ" ಅಂದಿದ್ದಳು. ದಿನಾ ಒಂದು ಚಮಚ ಹಾಲಿಗೆ ಹಾಕಿ ಕೊಡು, ಮುಗಿಯುವ ತನಕ ಬಿಡಬೇಡ ಎಂದು ನಾನೇ ಹೇಳಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಪಾವ್ ಕೆಜಿ, ದಿನಕ್ಕೊಂದು ಚಮಚ. ಇನ್ನೂ ಮುಗಿದಿರಲಿಕ್ಕಿಲ್ಲ.

ಮೇಡಂಗೆ ಹೇಳುವುದಕ್ಕಿಂತ ಮೊದಲು ನಾನೇ ಹುಡುಕಿಬಿಟ್ಟರೆ ಆಯಿತು. ಪುಡಿ ವಾಪಸು ಸಿಕ್ಕ ಮೇಲೆ ಹೇಳುವುದಾದರೂ ಏನಿರುತ್ತದೆ.

ಊರೊಳಗಿನ ಜಿಮ್ಮಿನ ಹುಡುಗರಿಂದ ಇವತ್ತೇ ಹನ್ನೊಂದು ಪೊಟ್ಟಣ ಬಂದವು. "ಹೊಸ ಮಾಲು ಬಂದೈತಿ, ಹಳೇದು ಕೊಟ್ಟು ಹೊಸದು ಒಯ್ರಿ" ಎಂದೆ. ಕುಣಿಯುತ್ತ ಬಂದರು. ಅರ್ಧ ಖಾಲಿಯಾದದ್ದಕ್ಕೂ ಪೂರ್ತಿ ಕೊಟ್ಟೆ. ಇದು ಒಳ್ಳೆಯ ಉಪಾಯ. ಯಾರಿಗೂ ಗಾಬರಿಯಿಲ್ಲ, ಅಂಗಡಿಯ ಹೆಸರೂ ಕೆಡುವುದಿಲ್ಲ.

ನವೆಂಬರ್ 21, ಗುರುವಾರ

ಮುಂಜಾನೆ ಗೊರೇಬಾಳಕ್ಕೆ ಹೋದೆ. ಕಾಲುವೆಯ ಮೇಲೆ ಮಂಜು ಇಳಿದು ನೀರು ಕಾಣುತ್ತಿರಲಿಲ್ಲ, ಅದರ ಸದ್ದು ಮಾತ್ರ ಬೈಕಿನ ಪಕ್ಕದಲ್ಲೇ ಬರುತ್ತಿತ್ತು. ಭತ್ತ ಕೊಯ್ಯುವ ಯಂತ್ರ ಆ ಬಿಳಿಯೊಳಗೆ ಎಲ್ಲೋ ಗುರುಗುಡುತ್ತಿತ್ತು. ಒಂದು ಗಳಿಗೆ ನನ್ನ ಅಂಗಡಿಯ ಪುಡಿಯೇ ಇಡೀ ಊರಿನ ಮೇಲೆ ಹಾರಿ ಕೂತಿದೆ ಅನ್ನಿಸಿತು. ನಿಂತುಬಿಟ್ಟೆ. ಹಿಂದಿನಿಂದ ಆಟೋದವನು ಬೈದ ಮೇಲೆ ಮುಂದೆ ಹೋದೆ.

ಪಂಪಾಪತಿ ಕುಸ್ತಿ ಆಡುವ ಹುಡುಗ. ಅವನ ಪೊಟ್ಟಣವನ್ನು ಅವನ ತಾಯಿ ಇಡೀ ಮನೆಯ ಅಂಬಲಿಗೆ ಕಲಸುತ್ತಿದ್ದಳಂತೆ.

"ಒಬ್ಬಂವಗ ಶಕ್ತಿ ಬಂದ್ರ ಸಾಕೇನ್ರೀ, ಮನ್ಯಾಗ ಆರು ಮಂದಿ ಅದೀವಿ" ಎಂದಳು ಆಕೆ. "ಆದ್ರ ಒಂದ ತಕರಾರು. ಯಾರಿಗೂ ನಿದ್ದಿ ಬರವಲ್ದು. ಎಲ್ಲಾರೂ ಎದ್ದು ಕುಂತು ಮಾತಾಡಾಕತ್ತೀವಿ. ನಮ್ಮ ಭಾವ ಹತ್ತು ವರ್ಷದಿಂದ ನನ್ನ ಕೂಡ ಮಾತು ಬಿಟ್ಟಿದ್ದ. ಮೊನ್ನಿ ಅವನೂ ಸುರು ಹಚ್ಚಿದ."

ನಗು ಬಂತು. ನಕ್ಕೆ. ಹಿಂದೆಯೇ ಹೊಳೆಯಿತು. ಆರು ಮಂದಿಯ ಎದೆ ಓಡುತ್ತಿತ್ತು, ಅವರು ಕಥೆ ಹೇಳುತ್ತ ಕೂತಿದ್ದರು. "ಹೊಸ ಮಾಲು ಬಂದೈತಿ" ಎಂದು ಹೇಳಿ ಪೊಟ್ಟಣ ತೆಗೆದುಕೊಂಡು ಬಂದೆ. ಆಕೆ ಹಾಲು ಕುಡಿಸಿ ಕಳಿಸಿದಳು.

ರಾಜಶ್ರೀಗೆ ಮುದುಕಿಯ ಸಂಗತಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು.

"ಮೇಡಂ ಕೇಳಿದಾಗ ಯಾಕ ಹೇಳಲಿಲ್ಲ?"

"ಹುಡುಕಾಕತ್ತೀನಲ್ಲ."

"ನೀವು ಹುಡುಕೂ ತನಕ ಆ ಹುಡುಗಿ ಕುಡಿಯಾಕತ್ತಿರತಾಳ" ಎಂದು ಮತ್ತೆ ಅಕ್ಕಿಗೆ ಕೈಹಚ್ಚಿದಳು.

ನವೆಂಬರ್ 23, ಶನಿವಾರ

ಮಸ್ಕಿ. ಜಮೀಲಾಬೀ ನಮ್ಮಪ್ಪನ ಕಾಲದಿಂದ ಗೊತ್ತಿದ್ದವರು. ಸಿಂಧನೂರಿಗೆ ಕಣ್ಣು ತೋರಿಸಲು ಬಂದಾಗ ಅಂಗಡಿಯ ಮುಂದೆ ನಿಂತು, ಏನೋ ಹುಡುಕುವವರ ಹಾಗೆ ಮೂಗೆತ್ತಿ, ಒಂದು ಪೊಟ್ಟಣ ಒಯ್ದಿದ್ದರು.

ಅವರು ಅದನ್ನು ಒಂದು ಚಮಚವೂ ಕುಡಿದಿಲ್ಲ. ಬಟ್ಟೆಯ ಟ್ರಂಕಿನಲ್ಲಿ, ಗಂಡನ ಹಳೆಯ ಶೇರ್ವಾನಿಯ ಒಳಗೆ ಇಟ್ಟಿದ್ದಾರೆ. ಅವರ ಗಂಡ ಹೈದರಾಬಾದಿನ ಬೇಕರಿಯೊಂದರಲ್ಲಿ ಬಹಳ ವರ್ಷ ದುಡಿದವರು. ಊರಿಗೆ ಬಂದಾಗ ಅವರ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತಂತೆ. ಮಧ್ಯಾಹ್ನ ನಮಾಜು ಮುಗಿಸಿ ಟ್ರಂಕು ತೆರೆದು ಅದರ ಮುಂದೆ ಸ್ವಲ್ಪ ಹೊತ್ತು ಕೂಡುತ್ತಾರೆ. ನನ್ನೆದುರಿಗೂ ತೆರೆದರು. ಇಬ್ಬರೂ ಅದರ ಮುಂದೆ ಕೂತೆವು. ಎಷ್ಟು ಹೊತ್ತೋ. ಹೊರಗೆ ಯಾರೋ ತಗಡು ಬಡಿಯುತ್ತಿದ್ದರು, ಅದೂ ನಿಂತಿತು.

"ಹೊಸ ಮಾಲು ಬಂದೈತಿ ಅಮ್ಮಾರ" ಎಂದೆ.

"ಹೊಸದು ನನಗ್ಯಾಕ ಬೇಕಪ್ಪ? ಇದರಾಗ ನಮ್ಮ ಮನಿಯವ್ರು ಅದಾರ."

ಅವರಿಗೆ ಏನು ಹೇಳಲಿ? ಹೇಳಿದೆ. ಇದರಲ್ಲಿ ಕೆಟ್ಟ ಔಷಧಿ ಬಿದ್ದಿದೆ, ಸರಕಾರದವರು ವಾಪಸು ಕೇಳಿದ್ದಾರೆ, ಮೊಮ್ಮಕ್ಕಳು ತಿಳಿಯದೆ ಬಾಯಿಗೆ ಹಾಕಿಕೊಂಡರೆ ಕಷ್ಟ ಎಂದು. ಅವರು ಪೊಟ್ಟಣ ಬಿಚ್ಚಿ ಕೊನೆಯ ಸಲ ಮೂಸಿ ನನ್ನ ಕೈಗಿಟ್ಟರು.

"ಹಂಪಣ್ಣನ ಮಗ ಅಂತ ಕೊಡಾಕತ್ತೀನಿ. ಬ್ಯಾರೇ ಯಾರರ ಬಂದಿದ್ರ ಕೊಡತಿದ್ದಿಲ್ಲ."

ಇನ್ನು ಐದು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ತಾಸು ನಿಂತು ಹೋಗಿಬರುವ ಮುದುಕಿಯರ ಕೈ ನೋಡಿದೆ. ಹಚ್ಚೆಯ ಕೈಗಳು ಎಷ್ಟೊಂದು. ಒಬ್ಬಾಕೆ, "ಏನಪಾ, ಕೈಬಳಿ ಕದೀಬೇಕಂತ ಮಾಡೀಯೇನು?" ಎಂದು ಗದರಿದಳು.

ನವೆಂಬರ್ 24, ಭಾನುವಾರ

ಲಿಂಗಸುಗೂರು ಬಸ್‌ಸ್ಟ್ಯಾಂಡು. ಸಿಗಲಿಲ್ಲ. ಬಸ್ಸಿನಲ್ಲಿ ತೂಕಡಿಕೆ ಹತ್ತಿ ಕನಸು ಬಿತ್ತು. ಕಾಲುವೆಯಲ್ಲಿ ಹಾಲು ಹರಿಯುತ್ತಿತ್ತು, ದಂಡೆಯ ಉದ್ದಕ್ಕೂ ಹೆಂಗಸರು ಕೂತು ಕೈ ಚಾಚಿದ್ದರು. ನಾನು ಒಬ್ಬೊಬ್ಬರಿಗೂ ಒಂದು ಚಮಚ ಹಾಕುತ್ತ ಹೋಗುತ್ತಿದ್ದೆ. ಖುಷಿಯಿಂದ ಹಾಕುತ್ತಿದ್ದೆ, ಅದೇ ಭಯ. ಎಚ್ಚರಾದಾಗ ಮಸ್ಕಿ ದಾಟಿತ್ತು.

ನವೆಂಬರ್ 25, ಸೋಮವಾರ

ಮೂರು ಪೊಟ್ಟಣ. ಹದಿನಾರು ಆದವು.

ನವೆಂಬರ್ 26, ಮಂಗಳವಾರ

ಗುರುಗುಂಟಾಕ್ಕೆ ಹೋದದ್ದು ಹದಿನೇಳನೆಯದಕ್ಕೆ. ಇಸ್ಮಾಯಿಲ್‌ಸಾಬ್, ಕಲ್ಲು ಎಳೆಯುವ ಪಂದ್ಯದ ಎತ್ತು ಸಾಕುವವರು. ಅಂಗಡಿಗೆ ಬಂದಾಗ ಯಾರಿಗೆ ಪುಡಿ ಎಂದು ನಾನು ಕೇಳಿರಲಿಲ್ಲ, ಮೈಕಟ್ಟು ನೋಡಿ ಅವರಿಗೇ ಅಂದುಕೊಂಡಿದ್ದೆ. ಅವರು ಅದನ್ನು ಹಾಲು, ತತ್ತಿ, ಅರಿಷಿಣದ ಜೊತೆ ಕಲಸಿ ಎತ್ತಿಗೆ ಗೊಟ್ಟ ಹಾಕಿದ್ದರು. ಬಿದಿರಿನ ಕೊಳವೆಯಿಂದ ಗಂಟಲಿಗೆ ಸುರಿಯುವ ಗೊಟ್ಟ, ಎಲ್ಲ ದನದ ಮನೆಯಲ್ಲೂ ಇರುವಂಥದು.

ಎತ್ತು ಬೇವಿನ ಗಿಡದ ಕೆಳಗೆ ನಿಂತಿತ್ತು. ಬೆಳ್ಳಗೆ, ಎತ್ತರಕ್ಕೆ. "ಎರಡು ದಿನ ಆತು, ಮಲಗವಲ್ದು" ಎಂದರು. "ನಿಂತಲ್ಲೇ ನಿಂತೈತಿ. ಗುಡ್ಡ ನೋಡಾಕತ್ತೈತಿ."

ಹೊಸ ಮಾಲಿನ ಮಾತು ನಾಲಿಗೆಗೇ ಬರಲಿಲ್ಲ. ನಿಂತ ಹಾಗೆಯೇ ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡೆ. ಅವರು ಎತ್ತಿನ ಗಂಗೆದೊಗಲು ಸವರಿದರು. ಆಮೇಲೆ ನನ್ನ ಕೈ ಹಿಡಿದು ಅದರ ಪಕ್ಕೆಗೆ ಒತ್ತಿದರು.

"ನೋಡು, ಹೆಂಗ ಬಡಕೊಳ್ಳಾಕತ್ತೈತಿ. ನಮಗಾದ್ರ ಡಾಕ್ಟರ್ ಮುಂದ ಹೋಗಿ ಹೇಳತೀವಿ. ಇದು ಯಾರ ಮುಂದ ಹೇಳಬೇಕು?"

ಚರ್ಮದ ಅಡಿಯಲ್ಲಿ ಅದು ಬಡಿಯುತ್ತಿತ್ತು. ಕೈ ತೆಗೆಯಲು ಆಗಲಿಲ್ಲ. ದನದ ಡಾಕ್ಟರನ್ನು ಕರೆತಂದು, ಅವರು ಸೂಜಿ ಹಾಕಿ, ಎತ್ತು ಕಾಲು ಮಡಚಿ ಮಲಗುವ ತನಕ ಅಲ್ಲೇ ಇದ್ದೆ. ಇಸ್ಮಾಯಿಲ್‌ಸಾಬ್ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತರು, ನನಗೆ ಹೋಗು ಎಂದೂ ಹೇಳಲಿಲ್ಲ.

ಸಿಂಧನೂರಿಗೆ ಟಿಕೆಟ್ ತೆಗೆಸಿದ್ದೆ. ಲಿಂಗಸುಗೂರಿನಲ್ಲಿ ಬಸ್ಸು ನಿಂತಾಗ ಇಳಿದೆ. ಯಾಕೆ ಇಳಿದೆನೋ, ನೀರು ಕುಡಿಯಲಿಕ್ಕೆ ಇರಬೇಕು. ಅಲ್ಲಿಂದ ಮೇಡಂ ಕಚೇರಿ ದೂರವೇನಿಲ್ಲ.

ಅಂಬಿಕಾ ಮೇಡಂ ಪೂರ್ತಿ ಕೇಳಿಸಿಕೊಂಡರು. ಕೂಗಾಡಲಿಲ್ಲ. "ಎಂಟು ದಿನ" ಎಂದರು. ಮತ್ತೆ ಅದನ್ನೇ ಅಂದರು. "ಎಂಟು ದಿನ ಆತಲ್ರೀ. ಅವತ್ತ ಹೇಳಿದ್ರ ಆಶಾ ಕಾರ್ಯಕರ್ತೆಯರಿಗೆ ಒಂದ ಫೋನು ಹಚ್ಚತಿದ್ದೆ. ಯಾವ ಓಣ್ಯಾಗ ಯಾರಿಗೆ ರಕ್ತ ಕಮ್ಮಿ ಐತಿ ಅಂತ ಅವರ ಹಂತೇಕ ಪಟ್ಟಿನ ಇರತೈತಿ."

ನಾನು ಬಸ್‌ಸ್ಟ್ಯಾಂಡುಗಳಲ್ಲಿ ಕೈ ನೋಡುತ್ತ ನಿಂತಿದ್ದೆ. ಎಂಟು ದಿನ ಅಂದರೆ ಎಂಟು ಚಮಚ.

ನವೆಂಬರ್ 27, ಬುಧವಾರ

ಪರವಾನಗಿ ಅಮಾನತು ಮಾಡಿದ ಆದೇಶ ಬಂತು. ಮಡಚಿ ಕಿಸೆಯಲ್ಲಿಟ್ಟೆ. ಮೇಡಂ ಫೋನು ಇನ್ನೂ ಬಂದಿಲ್ಲ.

ಪಂಪಾಪತಿಯ ಮನೆಗೂ ಜಿಮ್ಮಿಗೂ ಮತ್ತೆ ಹೋಗಿ, ನಾನು ಹೇಳಿದ್ದು ಸುಳ್ಳು, ಎಲ್ಲರೂ ಎದೆ ತಪಾಸಣೆ ಮಾಡಿಸಿಕೊಳ್ಳಿ ಎಂದು ಹೇಳಿಬಂದೆ. ಜಿಮ್ಮಿನ ಹುಡುಗರು ಹಿಂದಿನಿಂದ ಏನೇನೋ ಕೂಗಿದರು. ಪಂಪಾಪತಿಯ ತಾಯಿ ಇವತ್ತು ಹಾಲು ಕೊಡಲಿಲ್ಲ.

ಸಂಜೆ ಐದಕ್ಕೆ ಫೋನು ಬಂತು. ಮಸ್ಕಿ, ಪದ್ಮಾವತಿ, ಮೊದಲ ಬಸುರು, ರಕ್ತ ಕಡಿಮೆ. ಅತ್ತೆ ಮುದುಕಮ್ಮ. ಕೈ ತುಂಬ ಹಚ್ಚೆ ಇದೆಯೇ ಎಂದು ಕೇಳಿದೆ. ಮೇಡಂ ಆಶಾ ಕಾರ್ಯಕರ್ತೆಯನ್ನು ಕೇಳಿ ಹೇಳಿದರು. ಇದೆಯಂತೆ.

ಕೂಡಲೇ ಹೋದೆ. ಮಸ್ಕಿಯಲ್ಲೇ ಹುಟ್ಟಿ ಬೆಳೆದರೂ ಆ ಓಣಿಯೊಳಗೆ ನಾನು ಯಾವತ್ತೂ ಕಾಲಿಟ್ಟಿರಲಿಲ್ಲ. ನಮ್ಮಪ್ಪನ ಹಿಂಡಿ ಅಂಗಡಿಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಅಚ್ಚುಕಟ್ಟಾದ ಮನೆ, ಬಾಗಿಲ ಮೇಲೆ ಬುದ್ಧನ ಚಿತ್ರ, ಬೀಗ. ನೋವು ಕಾಣಿಸಿಕೊಂಡು ಮಧ್ಯಾಹ್ನವೇ ಲಿಂಗಸುಗೂರು ದವಾಖಾನೆಗೆ ಹೋಗ್ಯಾರ ಎಂದಳು ಪಕ್ಕದ ಮನೆಯವಳು. ಇನ್ನೂ ಎರಡು ವಾರ ಬಾಕಿ ಇತ್ತಂತೆ. ಮೇಡಂಗೆ ಫೋನು ಮಾಡಿದೆ. ಡಾಕ್ಟರಿಗೆ ತಿಳಿಸಲು ನೋಡುತ್ತೇನೆ, ಈ ಹೊತ್ತಿನಲ್ಲಿ ಗಂಡಸರನ್ನು ಹೆರಿಗೆ ವಾರ್ಡಿಗೆ ಬಿಡುವುದಿಲ್ಲ, ನೀವು ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಿ, ಎಷ್ಟು ಕುಡಿಸಿದ್ದಾರೆ ಎಂಬುದು ಆ ಮುದುಕಿಯ ಬಾಯಿಂದಲೇ ತಿಳಿಯಬೇಕು ಎಂದರು.

ನವೆಂಬರ್ 28, ಗುರುವಾರ

ಇದನ್ನು ನಿಧಾನಕ್ಕೆ ಬರೆಯುತ್ತೇನೆ. ಇಲ್ಲವಾದರೆ ನನಗೆ ಅನುಕೂಲವಾದದ್ದನ್ನಷ್ಟೇ ಬರೆದುಬಿಡುತ್ತೇನೆ.

ದವಾಖಾನೆ ತಲುಪಿದಾಗ ಎಂಟೂವರೆ. ವರಾಂಡದ ಬೆಂಚಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಅಲ್ಲಿ ಆ ಕೈ ಇತ್ತು. ಹಸಿರು ಹಚ್ಚೆ, ಸೀಳಿದ ಉಗುರು, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಕೂಸನ್ನು ಎತ್ತಿಕೊಂಡಿತ್ತು. ಮೊದಲ ಸಲ ನಾನು ಆ ಕೈಯ ಮೇಲಿನ ಮುಖ ನೋಡಿದೆ. ಸಣ್ಣ ಕಣ್ಣು, ದೊಡ್ಡ ಹಣೆ, ಒಂದು ಹಲ್ಲಿಲ್ಲ. ಅವಳು ನನ್ನನ್ನು ನೋಡಿದೊಡನೆ ಗುರುತು ಹಿಡಿದಳು.

"ಏ ಅಣ್ಣಾರ, ನೀವು ಪುಡಿ ಅಂಗಡ್ಯಾರಲ್ಲೇನ್ರೀ? ಬರ್ರಿ, ಬರ್ರಿ. ನೋಡ್ರಿ ನಿಮ್ಮ ಪುಡಿ ಎಂಥಾ ಕೂಸು ಮಾಡೈತಿ! ನಸುಕಿನ್ಯಾಗ ಹುಟ್ಟ್ಯಾಳ. ಪದ್ಮಾವತಿಗೆ ರಕ್ತಿಲ್ಲ, ಕೂಸು ಸಣ್ಣಾಗತೈತಿ ಅಂತ ಎಲ್ಲಾರೂ ಅಂಜಿಸಿದ್ರು. ನಾ ಒಂದ ದಿನಾನೂ ತಪ್ಪಿಸಿಲ್ಲ. ನೀವು ಹೇಳಿದಂಗ ದಿನಾ ಒಂದ ಚಮಚ. ನಿನ್ನಿ ಮುಂಜಾನಿಗೆ ಪೊಟ್ಟಣ ಮುಗೀತು, ಮಧ್ಯಾಹ್ನಕ್ಕ ಬ್ಯಾನಿ ಸುರು ಆತು. ಎಣಿಸಿ ಕೊಟ್ಟಂಗ ಕೊಟ್ಟೀರಿ ನೋಡ್ರಿ!"

ಹಾಗೆನ್ನುತ್ತ ಕೂಸನ್ನು ನನ್ನ ಕೈಗೆ ಕೊಟ್ಟಳು. ಬೇಡ ಎನ್ನಲು ಪುರುಸೊತ್ತೇ ಸಿಗಲಿಲ್ಲ.

ಯಾವುದೇ ವಸ್ತು ಕೈಗೆ ಬಂದರೂ ತೂಕ ಹೇಳುತ್ತೇನೆಂದು ನನಗೆ ಜಂಬವಿದೆ. ಇವತ್ತು ತೂಕ ನೋಡುವುದು ಮರೆತೇಹೋಯಿತು. ಅರಿವೆಯೊಳಗೆ ಅದರ ಎದೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹುಟ್ಟಿದ ಕೂಸುಗಳ ಎದೆ ಹಾಗೆಯೇ ಇರುತ್ತದೋ ಏನೋ, ನನಗೆ ಗೊತ್ತಿಲ್ಲ. ಅದು ಕಣ್ಣು ಮುಚ್ಚಿ, ಎಲ್ಲೋ ದೂರದಲ್ಲಿ ಏನನ್ನೋ ಕೇಳುತ್ತಿರುವಂತೆ ಹುಬ್ಬು ಗಂಟಿಕ್ಕಿತ್ತು. ಸುತ್ತಲಿದ್ದ ಹೆಂಗಸರು ನನ್ನನ್ನೇ ನೋಡಿ ನಗುತ್ತಿದ್ದರು. ಒಬ್ಬಳು ತನಗೂ ಒಂದು ಪೊಟ್ಟಣ ಬೇಕೆಂದಳು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಇನ್ನೊಂದು ಗಳಿಗೆ ಹೀಗೇ ಇರಲಿ ಅನ್ನಿಸಿತು. ಪೊಟ್ಟಣ ಹೇಗೂ ಮುಗಿದಿದೆ, ಡಾಕ್ಟರಿಗೆ ಮಾತ್ರ ಗುಟ್ಟಾಗಿ ಹೇಳಿದರಾಯಿತು ಎಂದೂ ಅನ್ನಿಸಿತು. ಅನ್ನಿಸಿದ್ದು ನಿಜ, ಬರೆದಿದ್ದೇನೆ.

"ಅಮ್ಮಾ" ಎಂದೆ. "ಆ ಪುಡ್ಯಾಗ ಕೆಟ್ಟ ಔಷಧಿ ಇತ್ತು. ಬಸುರಿ ಹೆಣ್ಮಕ್ಕಳು ಕುಡೀಬಾರದಿತ್ತು. ಎದಿಗೆ ತ್ರಾಸ ಕೊಡತೈತಿ. ನನಗ ಗೊತ್ತಾಗಿ ಹತ್ತು ದಿನ ಆತು. ಎಂಟು ದಿನ ನಾ ಯಾರಿಗೂ ಹೇಳಲಿಲ್ಲ. ಕೂಸನ್ನ ಈಗ ಡಾಕ್ಟರ್‌ಗೆ ತೋರಸ್ಬೇಕು."

ಮುದುಕಮ್ಮನ ಮುಖದ ಮೇಲೆ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ತೆಗೆಯುವುದು ಮರೆತವರ ಹಾಗೆ. ಆಮೇಲೆ ಕೈ ಚಾಚಿ ಕೂಸನ್ನು ನನ್ನಿಂದ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಬಹಳ ಹುಷಾರಾಗಿ ತೆಗೆದುಕೊಂಡಳು. ನನ್ನ ಬೆರಳು ಎಲ್ಲೂ ತಾಗದ ಹಾಗೆ.

ಡಾಕ್ಟರಿಗೆ ಮೇಡಂ ಫೋನು ಆಗಷ್ಟೇ ತಲುಪಿತ್ತು. ಬಡಿತ ಜಾಸ್ತಿ ಇದೆ, ರಾಯಚೂರಿನಲ್ಲಿ ಮಕ್ಕಳ ಎದೆ ನೋಡುವವರಿದ್ದಾರೆ, ತಾಯಿ ಕೂಸು ಇಬ್ಬರನ್ನೂ ಕಳಿಸುತ್ತೇನೆ ಎಂದರು. ಆಂಬುಲೆನ್ಸ್ ಬಂತು. ಪದ್ಮಾವತಿಯನ್ನು ಮಲಗಿಸಿದರು. ಇಪ್ಪತ್ತೆರಡರ ಹುಡುಗಿ, ಏನೂ ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದಳು. ನಾನು ಕಂಬದ ಪಕ್ಕ ನಿಂತಿದ್ದೆ. ಮುದುಕಮ್ಮ ಹತ್ತಿ ಕೂತು, ಕೂಸನ್ನು ಎದೆಗೆ ಒತ್ತಿಕೊಂಡು, ನನ್ನ ಕಡೆ ನೋಡಿದಳು.

"ಏನು ಕುಡಿಸೀನಿ ಅಂತ ಅಲ್ಲಿ ಡಾಕ್ಟರ್ ಕೇಳತಾರ. ನನಗೇನ ಗೊತ್ತೈತಿ? ನೀ ಹೇಳಬೇಕು. ಹತ್ತು."

ಹತ್ತಿದೆ. ಭತ್ತದ ಗದ್ದೆಗಳು, ಹತ್ತಿಯ ಹೊಲಗಳು ಹಿಂದೆ ಹೋದವು. ಕೂಸು ಒಮ್ಮೆಯೂ ಅಳಲಿಲ್ಲ.

ನವೆಂಬರ್ 29, ಶುಕ್ರವಾರ

ರಾಯಚೂರು. ಕೂಸು ಗಾಜಿನ ಕೋಣೆಯಲ್ಲಿದೆ. ಹೊರಗಿನಿಂದ ಒಂದು ಪರದೆ ಕಾಣುತ್ತದೆ, ಅದರ ಮೇಲೆ ಎದೆಬಡಿತದ ಹಸಿರು ಅಂಕೆ. ನಿನ್ನೆ ಇನ್ನೂರರ ಮೇಲಿತ್ತು. ಇವತ್ತು ಬೆಳಿಗ್ಗೆ ನೂರಾ ಎಂಬತ್ತು. ಔಷಧಿ ಮೈಯಿಂದ ಇಳಿಯಬೇಕು, ಇಳಿಯುತ್ತದೆ, ಕಾಯಬೇಕು ಎಂದರು ಡಾಕ್ಟರು. ಯಾವ ಔಷಧಿ, ಎಷ್ಟು, ಎಷ್ಟು ದಿನ ಎಂದು ಕೇಳಿದ್ದಕ್ಕೆಲ್ಲ ಮೇಡಂ ಕೊಟ್ಟಿದ್ದ ಆಮದುದಾರರ ಕಾಗದದ ಪ್ರತಿ ತೋರಿಸಿ ಹೇಳಿದೆ.

ಬಳ್ಳಾರಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ, ಮುದುಕಮ್ಮನ ಮಗ ರಾಜೇಶ ಬಂದ. ತಾಯಿಯಿಂದ ಎಲ್ಲ ಕೇಳಿ ನನ್ನ ಮುಂದೆ ಬಂದು ನಿಂತ. ಹೊಡೆಯಲೆಂದು ಕಾದೆ. "ಓದಿದವ್ರು ನೀವು" ಎಂದಷ್ಟೇ ಹೇಳಿ ಹೋದ.

ರಾಜಶ್ರೀ ಫೋನಿನಲ್ಲಿ, ಅಲ್ಲೇ ಇರಿ, ಬರಬೇಡಿ ಎಂದಳು. ನಾಳೆ ಅವಳೂ ಬುತ್ತಿ ಕಟ್ಟಿಕೊಂಡು ಬರುತ್ತಾಳಂತೆ.

ಮಧ್ಯಾಹ್ನ ನೂರಾ ಎಪ್ಪತ್ತು. ಸಂಜೆಯೂ ಅಷ್ಟೇ. ಆ ಅಂಕೆಯನ್ನು ಬಿಟ್ಟು ಇವತ್ತು ಬೇರೇನೂ ನೋಡಿಲ್ಲ.

ನವೆಂಬರ್ 30, ಶನಿವಾರ

ನೂರಾ ನಲವತ್ತು. ಹುಟ್ಟಿದ ಕೂಸಿಗೆ ಅಷ್ಟಿರಬೇಕಂತೆ. ತಿಂಗಳಿಗೊಮ್ಮೆ ತೋರಿಸುತ್ತಿರಿ, ಮುಂದಿನದನ್ನು ಈಗಲೇ ಹೇಳಲಾಗದು ಎಂದರು ಡಾಕ್ಟರು. ಹತ್ತು ಗಂಟೆಗೆ ಕೂಸನ್ನು ಗಾಜಿನ ಕೋಣೆಯಿಂದ ತಂದು ವಾರ್ಡಿನಲ್ಲಿ ತಾಯಿಯ ಮಗ್ಗುಲಿಗೆ ಹಾಕಿದರು. ಅದು ಅತ್ತಿತು. ಮೊದಲ ಸಲ ಕೇಳಿದೆ, ಬಾಗಿಲ ಹೊರಗಿನಿಂದ. ನನಗೂ ಅಳು ಬಂತು. ಮೂಲೆಗೆ ಹೋಗಿ ಅತ್ತೆ.

ಇನ್ನು ನನ್ನ ಕೆಲಸ ಮುಗಿಯಿತು, ರಾಜಶ್ರೀಯನ್ನು ಬಸ್‌ಸ್ಟ್ಯಾಂಡಿನಲ್ಲೇ ಕಂಡು ಅವಳ ಜೊತೆ ಊರಿಗೆ ಹೊರಡೋಣವೆಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮುದುಕಮ್ಮ ಒಳಗಿನಿಂದ ಬಂದಳು. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಗೋಡೆ ಹಿಡಿದು ನಡೆಯುತ್ತಿದ್ದಳು. ರಾಜೇಶ ಹೆಂಡತಿಗಾಗಿ ರಕ್ತ ಕೊಡಲು ಹೋಗಿದ್ದ. ಪದ್ಮಾವತಿಗೆ ಎದ್ದು ಕೂಡುವ ತ್ರಾಣವಿರಲಿಲ್ಲ.

"ಎಲ್ಲಿಗಿ ಹೊಂಟಿ?" ಎಂದಳು. "ಕೂಸಿನ ಹಂತೇಕ ಯಾರರ ಎಚ್ಚರಿರೋರು ಬೇಕು. ನಾ ಒಂದು ತಾಸು ಒರಗತೀನಿ. ನೀ ಕೂಡು."

ಚಪ್ಪಲಿ ಮತ್ತೆ ಬಿಟ್ಟೆ.

"ನಿದ್ದಿಗಿದ್ದಿ ಹೊಡದೀ ಮತ್ತ" ಎಂದಳು.

ಒಳಗೆ ಬಿಡಬೇಕಾದರೆ ಬಾಗಿಲಿನವನ ಹತ್ತಿರ ಚೀಟಿ ತುಂಬಿಕೊಡಬೇಕು. ರೋಗಿಯ ಹೆಸರಿನ ಜಾಗದಲ್ಲಿ ಪದ್ಮಾವತಿಯವರ ಕೂಸು ಎಂದು ಬರೆದೆ. ಜೊತೆಗಿರುವವರ ಹೆಸರು ಎಂದಿದ್ದಲ್ಲಿ ಸಂಗನಬಸವ ಎಂದು ಬರೆದೆ. ಅದರ ಕೆಳಗೆ, ರೋಗಿಗೆ ಏನಾಗಬೇಕು ಎಂದಿತ್ತು. ಪೆನ್ನು ಅಲ್ಲೇ ನಿಂತಿತು. ಮುದುಕಮ್ಮನಿಗೆ ಓದಲು ಬರುವುದಿಲ್ಲ.

"ಏನ ಕೇಳಾಕತ್ತಾರ?"

"ನಾ ಕೂಸಿಗೆ ಏನಾಗಬೇಕು ಅಂತ."

ಅವಳು ಚೀಟಿಯನ್ನು ನೋಡಿದಳು, ಆಮೇಲೆ ನನ್ನನ್ನು. ಆ ನೋಟದಲ್ಲಿ ಸಿಟ್ಟು ಇತ್ತು, ಇಲ್ಲವೆಂದು ಬರೆದರೆ ಸುಳ್ಳಾದೀತು.

"ಅಂಗಡಿಯಂವ ಅಂತ ಬರಿ" ಎಂದಳು.

ಹಾಗೆಯೇ ಬರೆದೆ. ಬಾಗಿಲಿನವನು ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಒಳಗೆ ಬಿಟ್ಟ.